ಕೈ ಊರದೆ ಏಳುವ ಪಾಠ

"ಎರಡು ವರ್ಷ ಕುಣಿಸಿದ್ರಿ ಬೇಟಿ, ನಾನೂ ಕುಣದೆ. ಆದ್ರ ನೆಲದ ಮ್ಯಾಲಿಂದ ಏಳಬೇಕಂದ್ರ ನನಗ ಇನ್ನೂ ಗ್ವಾಡಿ ಬೇಕ ಬೇಕು."

ಹೆಂಗಸರ ವ್ಯಾಯಾಮದ ಕ್ಲಾಸು ಮುಗಿದು ನಾನು ಸ್ಪೀಕರಿನ ವೈರು ಸುತ್ತುತ್ತಿದ್ದೆ. ಹೀಗೆ ಹೇಳಿದವರು ರೋಣದ ಓಣಿ ಓಣಿಗೆ ಹಳೇ ಸೀರೆಗಳ ಕೌದಿ ಹೊಲಿದುಕೊಡುವ ಚಾಚಿ. ಅರವತ್ತರ ಹತ್ತಿರದ ವಯಸ್ಸು, ಹಾಡು ಹಚ್ಚಿದರೆ ಮೊದಲ ಸಾಲಿನಲ್ಲಿ ನಿಲ್ಲುವವರು. ದೂರು ಹೇಳುವ ದನಿ ಅದಾಗಿರಲಿಲ್ಲ. ನಗುತ್ತಲೇ ಹೇಳಿ, ಗೋಡೆಗೆ ಕೈ ಹಚ್ಚಿ, "ಯಾ ಅಲ್ಲಾ" ಎನ್ನುತ್ತ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೋದರು. ನನಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ನಾನು ಸಿಟ್ಟಿನ ಹೆಂಗಸು. ಆದರೆ ಆ ಸಿಟ್ಟು ಹೆಚ್ಚಾಗಿ ನನ್ನ ಮೇಲೇ ತಿರುಗುತ್ತದೆ. ಅಂದು ಮನೆಗೆ ಹೋಗಿ ಎರಡು ರೊಟ್ಟಿ ಸುಟ್ಟು ಕರಿ ಮಾಡಿದೆ.

ನಮ್ಮ ಕ್ಲಾಸು ನಡೆಯುವುದು ಮಾರ್ಕೆಟ್ಟಿನ ಹಿಂದಿನ ಒಂದು ಗೋದಾಮಿನಲ್ಲಿ. ಕಡಲೆ ಸುಗ್ಗಿಯ ದಿನಗಳಲ್ಲಿ ಅದು ತುಂಬಿರುತ್ತದೆ, ಆಗ ನಮಗೆ ರಜೆ. ಮಾಲು ಹೊರಬಿದ್ದ ಮೇಲೆ ನಮ್ಮದೇ ರಾಜ್ಯ. ಕೆಳಗೆ ಶಹಾಬಾದ್ ಕಲ್ಲು, ಮೇಲೆ ತಗಡು, ಮೂಲೆಯಲ್ಲಿ ಖಾಲಿ ಗೋಣಿಚೀಲಗಳ ರಾಶಿ. ಗೋದಾಮಿನ ಮಾಲಕಿ ತಾನೂ ಕ್ಲಾಸಿಗೆ ಸೇರಿಕೊಂಡು ಜಾಗ ಬಿಟ್ಟುಕೊಟ್ಟಿದ್ದಳು. ಸಂಜೆ ಐದಕ್ಕೆ ಇಪ್ಪತ್ತು ಇಪ್ಪತ್ತೆರಡು ಹೆಂಗಸರು ಬರುತ್ತಿದ್ದರು. ಮುಕ್ಕಾಲು ತಾಸು ಹಾಡಿಗೆ ಹೆಜ್ಜೆ, ಕೊನೆಗೆ ಐದು ನಿಮಿಷ ಕೈಕಾಲು ಎಳೆದು ಸಡಿಲ ಬಿಡುವುದು, ಆಮೇಲೆ ಅರ್ಧ ತಾಸು ಹರಟೆ. ಬೆವರು ಬರುತ್ತಿತ್ತು, ಮನಸ್ಸು ಹಗುರಾಗುತ್ತಿತ್ತು. ಇಷ್ಟು ಸಾಕು ಅಂದುಕೊಂಡಿದ್ದೆ.

ಮರುದಿನ ಚಾಚಿಯನ್ನು ಬಾಗಿಲಲ್ಲೇ ಹಿಡಿದು, ಏಳುವ ಮಾತು ಈಗೇಕೆ ಬಂತು ಎಂದು ಕೇಳಿದೆ.

"ಮಗಳು ನರಗುಂದದಾಗ ಅದಾಳಲ್ಲ, ಆಕಿಗೆ ಈಗ ಐದು ತಿಂಗಳು. ಮದ್ಲನೇ ಹೆರಿಗಿ, ತವರಿನಾಗ ಆಗಬೇಕು. ಆದ್ರ ಬೀಗರು ಏನಂತಾರ ಗೊತ್ತೇನು? 'ನಿಮಗ ನೀವು ಏಳಾಕ ಬರಂಗಿಲ್ಲ, ಕೂಸಿನ್ನ ಎತಗೊಂಡು ಹ್ಯಾಂಗ ಏಳ್ತೀರಿ? ಬಾಣಂತನ ನಮ್ಮಲ್ಲೇ ಆಗ್ಲಿ' ಅಂತಾರ. ನಾ ಏನು ಮಾತಾಡ್ಲಿ? ಖರೇನ ಅಂದಾರಲ್ಲ ಅವರು."

ನರಗುಂದದ ಬೀಗತಿ, ಅಂದರೆ ಮಗಳ ಅತ್ತೆ, ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಚಾಚಿಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಗಂಡ ದಿನಾ ಬೆಳಿಗ್ಗೆ ಗಜೇಂದ್ರಗಡದ ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತಾರೆ. ಕೂಸಿಗೆ ನೀರು ಹಾಕಬೇಕಾದರೆ ಅಜ್ಜಿ ಬಚ್ಚಲಲ್ಲಿ ಕಾಲು ನೀಡಿ ಕೂರಬೇಕು, ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳಬೇಕು. ಮುಗಿದ ಮೇಲೆ ಅದನ್ನು ಎದೆಗೆ ಒತ್ತಿಕೊಂಡು ಏಳಬೇಕು. ಬಾಣಂತಿ ಮಂಚದ ಮೇಲೆ. ಕೂಸನ್ನು ಇಸಿದುಕೊಳ್ಳಲು ಮನೆಯಲ್ಲಿ ಇನ್ನೊಂದು ಜೋಡಿ ಕೈ ಇಲ್ಲ.

"ನಾಕು ತಿಂಗಳ ಐತಿ ಚಾಚಿ. ಗ್ವಾಡಿ ಬಿಡಿಸ್ತೀನಿ," ಅಂದೆ. ಅಂದು ಬಿಟ್ಟೆ, ಅಷ್ಟೆ. ಹೇಗೆ ಎಂದು ನನಗೂ ಗೊತ್ತಿರಲಿಲ್ಲ.

ದೇಹದ ಭಾರವನ್ನೇ ಎತ್ತಿ ಬಲ ಗಳಿಸುವ ವ್ಯಾಯಾಮಗಳನ್ನು ತರಬೇತಿಯಲ್ಲಿ ಕಲಿತಿದ್ದೆ. ಕುಕ್ಕರಿಸಿ ಏಳುವುದು, ಅಂಗೈ ಊರಿ ಮೈ ಎತ್ತುವುದು, ಬೆನ್ನ ಮೇಲೆ ಮಲಗಿ ಸೊಂಟ ಎತ್ತುವುದು. ಕಲಿತದ್ದನ್ನೆಲ್ಲ ಒಂದೇ ದಿನ ಸುರಿದೆ. ಜೋರು ಹಾಡು ಹಚ್ಚಿ, ತಾಳಕ್ಕೆ ಸರಿಯಾಗಿ ಇಪ್ಪತ್ತು ಸಲ ಕುಕ್ಕರಿಸಿ ಏಳಿಸಿದೆ, ಅದೂ ಮೂರು ಸುತ್ತು. ಎರಡನೇ ಸುತ್ತಿಗೇ ಸೊಲ್ಲು ಎದ್ದಿತು. ಎತ್ತಿದವರು ಹಿಂದಿನ ಸಾಲಿನ ದೊಡ್ಡ ಅಕ್ಕೋರು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ.

"ಏನ್ರಿ ಮೇಡಂ ಇದು? ಇದು ಬಸ್ಕಿ ಅಲ್ಲೇನ್ರಿ? ಜೀವನಪೂರ್ತಿ ನಾ ಹುಡುಗರಿಗೆ ಬಸ್ಕಿ ಹೊಡಿಸೀನಿ. ಈ ವಯಸ್ಸಿನಾಗ ನನಗ ಬಸ್ಕಿ ಹೊಡಸ್ತೀರಿ? ಅದೂ ಈಕಿ ಮುಂದ?"

'ಈಕಿ' ಅಂದರೆ ಗೋದಾಮಿನ ಮಾಲಕಿ. ಮೂರನೇ ಇಯತ್ತೆಯಲ್ಲಿ ಇದೇ ಅಕ್ಕೋರ ವಿದ್ಯಾರ್ಥಿನಿ. ಆಕೆಗೆ ಆ ದಿನ ಹಬ್ಬ. "ಅಕ್ಕೋರ, ಕಿವಿ ಹಿಡ್ಕೊಂಡ ಹೊಡೀರಿ, ನಮಗ ಹಂಗ ಹೊಡಸ್ತಿದ್ರಿ. ನಾ ಎಣಸ್ತೀನಿ, ಹದಿಮೂರು, ಹದಿನಾಕು!" ಎಂದು ಕೂಗಿದಳು. ಗೋದಾಮಿನ ತಗಡು ಹಾರಿಹೋಗುವಂತೆ ಎಲ್ಲರೂ ನಕ್ಕರು. ದೊಡ್ಡ ಅಕ್ಕೋರು ವ್ಯಾನಿಟಿ ಬ್ಯಾಗು ಹೆಗಲಿಗೇರಿಸಿ ಹೊರಟೇಹೋದರು.

ಮರುದಿನ ಬಂದವರು ಒಂಬತ್ತು ಜನ. ಬಾರದವರಲ್ಲಿ ಒಬ್ಬಳು ಬಸ್ಸಿನ ಮೆಟ್ಟಿಲು ಹತ್ತಲಾರದೆ ಕಂಡಕ್ಟರನಿಂದ ಬೈಸಿಕೊಂಡಿದ್ದಳು. ಇನ್ನೊಬ್ಬಳು ಶೌಚಕ್ಕೆ ಕೂತು ಏಳಲಾರದೆ ಗಂಡನನ್ನು ಕೂಗಿದ್ದಳಂತೆ. 'ಮೇಡಂ ಬಸ್ಕಿ ಹೊಡಸ್ತಾರಂತ' ಎಂಬ ಸುದ್ದಿ ಜಕ್ಕಲಿ ಊರಿನವರೆಗೆ ಹೋಗಿತ್ತು. ತಪ್ಪು ನನ್ನದೇ. ಹಾಡಿನ ತಾಳಕ್ಕೆ ಓಡುವಾಗ ಯಾರ ಮೊಣಕಾಲೂ ನೆಟ್ಟಗಿರಲಿಲ್ಲ. ಎಲ್ಲರೂ ದೊಪ್ಪನೆ ಬಿದ್ದು ಪುಟಿದೇಳುತ್ತಿದ್ದರು. ಅದರಲ್ಲಿ ಬಲ ಬೆಳೆಯುವುದಿಲ್ಲ, ನೋವು ಮಾತ್ರ ಬರುತ್ತದೆ. ಇಷ್ಟು ಗೊತ್ತಿದ್ದೂ ಮಾಡಿಸಿದೆನಲ್ಲ!

ಅಂದಿನಿಂದ ಬಲದ ಪಾಠಕ್ಕೆ ಹಾಡು ಬಂದ್. ಮೊದಲ ಅರ್ಧ ತಾಸು ಕುಣಿತ, ಉಳಿದದ್ದು ಮೌನದಲ್ಲಿ, ಅದೂ ದಿನ ಬಿಟ್ಟು ದಿನ. ಮೂಲೆಯ ಗೋಣಿಚೀಲಗಳ ಮೇಲೆ ನನ್ನ ಕಣ್ಣು ಬಿತ್ತು. ಮಡಚಿದ ಚೀಲಗಳನ್ನು ಒಂದರ ಮೇಲೊಂದು ಒಟ್ಟಿ, ಪ್ರತಿಯೊಬ್ಬರಿಗೂ ಒಂದೊಂದು ಪೀಠ ಮಾಡಿದೆ. ಚಾಚಿಯದು ಮೂವತ್ತು ಚೀಲದ ಎತ್ತರ, ಉಳಿದವರದು ಇಪ್ಪತ್ತು ಇಪ್ಪತ್ತೈದು. ಹಿಮ್ಮಡಿ ನೆಲಕ್ಕೆ ಅಂಟಿರಬೇಕು, ಮೊಣಕಾಲು ಕಿರುಬೆರಳಿನ ಕಡೆ ನೋಡುತ್ತಿರಬೇಕು. ಮೂರು ಎಣಿಸುತ್ತ ಕೆಳಗೆ ಇಳಿ, ಚೀಲ ತಾಗಿದ ಕೂಡಲೇ ನಿಲ್ಲು, ಉಸಿರು ಬಿಡುತ್ತ ಏಳು. ಎಂಟು ಸಲ ಸಾಕು. ವಾರಕ್ಕೆ ಒಂದೆರಡು ಚೀಲ ತೆಗೆಯುವುದು, ಪೀಠ ತಗ್ಗಿದಂತೆ ಕಾಲು ಗಟ್ಟಿಯಾಗುವುದು, ಇದು ನನ್ನ ಲೆಕ್ಕ.

ಅಂಗೈ ಊರಿ ಮೈ ಎತ್ತುವುದನ್ನು ನೆಲದ ಬದಲು ಗೋಡೆಗೆ ತಂದೆ. ಗೋದಾಮಿನ ಸುಣ್ಣದ ಗೋಡೆ. ಮೊದಲ ದಿನವೇ ಎಲ್ಲರ ಕೈ, ಮೂಗು, ಹಣೆ ಬಿಳಿ. ಹಾಗೇ ಸಂತೆ ಮಾಡಿ ಮನೆಗೆ ಹೋದವರೂ ಇದ್ದರು. ಸೊಂಟ ಎತ್ತುವ ವ್ಯಾಯಾಮಕ್ಕೆ ಬಾಗಿಲು ಹಾಕಿ ಅಗಳಿ ಜಡಿದ ಮೇಲೂ ಹತ್ತು ನಿಮಿಷ ಬರೀ ನಗೆ.

ಮೂರು ದಿನ ಬಿಟ್ಟು ದೊಡ್ಡ ಅಕ್ಕೋರು ತಾವಾಗಿಯೇ ಬಂದರು. ಯಾರೂ ಕರೆದಿರಲಿಲ್ಲ. "ನನ್ನ ಸರ್ವೀಸಿನಾಗ ಗೈರುಹಾಜರಿ ಅನ್ನೋದ ಇಲ್ಲ. ಎಲ್ಲೈತಿ ನನ್ನ ಚೀಲ?" ಅಂದರು. ಮಾಲಕಿ ತಾನೇ ಓಡಿ ಹೋಗಿ, ಧೂಳು ಝಾಡಿಸಿ ಅವರ ಪೀಠ ಒಟ್ಟಿಕೊಟ್ಟಳು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಮರಳಿದರು.

ಎಲ್ಲ ಸುರಳೀತ ನಡೆದಿತ್ತು. ಆಗ ನನಗೊಂದು ಹುಕಿ ಬಂತು. ಗೋಡೆಯ ಮೇಲೆ ಸೀಮೆಸುಣ್ಣದಿಂದ ಎಲ್ಲರ ಹೆಸರು ಬರೆದು, ಮುಂದೆ ಯಾರದು ಎಷ್ಟು ಚೀಲ ಎಂದು ಬರೆಯತೊಡಗಿದೆ. ಹುರುಪು ಬರಲಿ ಅಂತ. ಹುರುಪು ಬಂತು, ಬೇಡದಷ್ಟು ಬಂತು! ನಾನು ಆಕಡೆ ತಿರುಗಿದರೆ ಈಕಡೆ ಒಬ್ಬಳು ಎರಡು ಚೀಲ ಎಳೆದು ಬಿಸಾಡುತ್ತಿದ್ದಳು. ದೊಡ್ಡ ಅಕ್ಕೋರು ಮತ್ತು ಮಾಲಕಿಯ ಪೈಪೋಟಿಯಂತೂ ನೋಡುವ ಹಾಗಿತ್ತು. "ಇಪ್ಪತ್ತೊಂದಕ್ಕ ಬಂದೀನಿ, ಬರಕೋರಿ ಮೇಡಂ!" "ನಂದು ಇಪ್ಪತ್ತು, ಮದ್ಲ ನಂದು ಬರೀರಿ!" ನಾನೂ ನಗುತ್ತ ಬರೆದೆ.

ಚಾಚಿ ಗೋಡೆಯ ಮೇಲಿನ ತಮ್ಮ ಇಪ್ಪತ್ತೆಂಟನ್ನು ನೋಡಿಕೊಂಡರು. ಮನೆಗೆ ಹೋಗಿ, ಹೊಲಿದಿಟ್ಟ ಕೌದಿಗಳನ್ನು ಮಡಚಿ ಒಟ್ಟಿ, ಯಾರಿಗೂ ಹೇಳದೆ ಬೆಳಿಗ್ಗೆ ನೂರು, ಸಂಜೆ ನೂರು ಹೊಡೆದರು. ವಾರದೊಳಗೆ ಮೊಣಕಾಲೆತ್ತರದ ರಾಶಿಯನ್ನು ಗೇಣಿಗಿಳಿಸಿದರು. ಎಂಟನೇ ದಿನ ಅವರು ಕ್ಲಾಸಿಗೆ ಬರಲಿಲ್ಲ. ಎಡ ಮೊಣಕಾಲು ಬಾತು ಗಡಿಗೆಯಾಗಿತ್ತು. ದವಾಖಾನೆಯ ಡಾಕ್ಟರು ಹದಿನೈದು ದಿನ ನೆಲಕ್ಕೆ ಕೂರಲೇಬಾರದು ಅಂದಿದ್ದರು. ನರಗುಂದಕ್ಕೆ ಸುದ್ದಿ ಮುಟ್ಟಿತು, ಬೀಗತಿ ಫೋನು ಮಾಡಿದರು: "ಇನ್ನ ಮಾತ ಇಲ್ಲ. ಹೆರಿಗಿ ಇಲ್ಲೇ."

ಅಂದು ಸಂಜೆ ಅವರ ಮನೆಗೆ ಹೋದೆ. ಚಾಚಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ನನ್ನನ್ನು ನೋಡಿದ್ದೇ ಕಣ್ಣು ತುಂಬಿಕೊಂಡರು. "ಆಕಿನ್ನ ಹಡದಾಗ ನಮ್ಮವ್ವ ನಲವತ್ತು ದಿನ ನನ್ನ ನೆಲಕ್ಕ ಕಾಲ ಇಡಗೊಡ್ಲಿಲ್ಲ ಬೇಟಿ. ನನ್ನ ಮಗಳಿಗೆ ನಾ ಅಷ್ಟೂ ಮಾಡಬಾರದೇನು?"

"ತಪ್ಪು ನಂದು ಚಾಚಿ. ಗ್ವಾಡಿ ಮ್ಯಾಲೆ ಅಂಕಿ ಬರದು ನಿಮ್ಮನ್ನ ಕೆಡಿಸಿದಾಕಿ ನಾನ," ಅಂದೆ.

ಮಾತಿಗೆ ಮಾತು ಎನ್ನುವಂತೆ, ಕೂಸಿಗೆ ನೀರು ಹಾಕಲು ಎಲ್ಲಿ ಹೇಗೆ ಕೂರುತ್ತೀರಿ, ತೋರಿಸಿ ಎಂದೆ. ಅವರು ಮಂಚದಿಂದಲೇ ಬಚ್ಚಲ ಕಡೆ ಬೆರಳು ಮಾಡಿ ಹೇಳುತ್ತ ಹೋದರು. ನಾನು ಬಚ್ಚಲ ಕಲ್ಲಿನ ಮೇಲೆ ಕಾಲು ನೀಡಿ ಕೂತೆ. ಒಂದು ತಲೆದಿಂಬು ತಂದು ಕಾಲ ಮೇಲೆ ಮಲಗಿಸಿಕೊಂಡೆ. ನೀರು ಹಾಕಿದಂತೆ ಮಾಡಿದೆ. ದಿಂಬನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು ಏಳಲು ಹೋದೆ.

ಏಳಲಾಗಲಿಲ್ಲ! ಐವತ್ತು ಬಸ್ಕಿ ಒಂದೇ ದಮ್ಮಿಗೆ ಹೊಡೆಯುವ ನಾನು, ಇಡೀ ರೋಣಕ್ಕೆ ವ್ಯಾಯಾಮ ಕಲಿಸುವ ನಾನು, ಬಚ್ಚಲಲ್ಲಿ ಆಮೆಯಂತೆ ಹಿಂದಕ್ಕೆ ಉರುಳಿದೆ. ಇನ್ನೊಮ್ಮೆ ಪ್ರಯತ್ನಿಸಿದೆ. ದಿಂಬು ಕೈ ಜಾರಿ ಬಕೆಟ್ಟಿಗೆ ಬಿತ್ತು.

"ಅಯ್ಯ ಶಿವನ, ಕೂಸು ಹೋತು!" ಎಂದು ಚಾಚಿ ಹಣೆ ಚಚ್ಚಿಕೊಂಡರು. ಅವರ ಬಾಯಲ್ಲಿ ಅಲ್ಲಾನ ಜಾಗಕ್ಕೆ ಶಿವ ಬಂದದ್ದಕ್ಕೆ ಮೊದಲು ನಾನು ನಕ್ಕೆ, ಆಮೇಲೆ ಅವರು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ಇಬ್ಬರೂ ನಕ್ಕೆವು.

ನಗುವಿನ ನಡುವೆಯೇ ನನಗೆ ಹೊಳೆಯಿತು. ನಾನು ಕಲಿಸುತ್ತಿದ್ದದ್ದು ಕುರ್ಚಿಯಿಂದ ಏಳುವುದನ್ನು. ಚೀಲ ಎಷ್ಟು ತೆಗೆದರೂ ಅದು ಕುರ್ಚಿಯೇ. ನಮ್ಮ ಹೆಂಗಸರು ರೊಟ್ಟಿ ಬಡಿಯುವುದು, ಕಾಳು ಹಸನು ಮಾಡುವುದು, ಕೌದಿ ಹೊಲಿಯುವುದು, ಕೂಸು ತೊಳೆಯುವುದು ಎಲ್ಲ ನೆಲದ ಮೇಲೆ. ನೀಡಿದ ಕಾಲಿನಿಂದ ಯಾರೂ ನೇರ ಎದ್ದು ನಿಲ್ಲುವುದಿಲ್ಲ. ಮೊದಲು ಕಾಲು ಮಡಚಿ ಪಕ್ಕಕ್ಕೆ ಹೊರಳಬೇಕು, ಆಮೇಲೆ ಒಂದು ಮೊಣಕಾಲು ಊರಿ ಇನ್ನೊಂದು ಪಾದ ಮುಂದಿಡಬೇಕು, ಕೊನೆಗೆ ಆ ಮುಂದಿನ ಕಾಲಿನ ಬಲದಿಂದ ಏಳಬೇಕು. ಅಂದರೆ ಬಸ್ಕಿಯಲ್ಲ, ಏಳುವುದನ್ನೇ ಬಿಡಿಬಿಡಿಯಾಗಿ ಕಲಿಸಬೇಕು.

ಮರುದಿನ ಎಲ್ಲರೆದುರು ಒದ್ದೆ ಬಟ್ಟೆ ಹಿಡಿದು ಗೋಡೆಯ ಅಂಕಿಗಳನ್ನು ಒರೆಸಿಹಾಕಿದೆ.

"ಅಯ್ಯ, ನಂದು ಹದಿನೆಂಟಿತ್ತು!" ಎಂದು ದೊಡ್ಡ ಅಕ್ಕೋರು ಎದೆ ಹಿಡಿದುಕೊಂಡರು.

"ಇನ್ನ ಅಂಕಿ ಇಲ್ಲರಿ. ಚೀಲಾನೂ ಇಲ್ಲ. ಎಲ್ಲಾರೂ ಕಾಲು ನೀಡಿ ನೆಲಕ್ಕ ಕೂಡ್ರಿ. ಕೈ ಎದಿಗೆ ಕಟ್ಟಿಕೊಳ್ರಿ. ಈಗ ಏಳ್ರಿ ನೋಡೋಣ."

ಇಪ್ಪತ್ತು ಜನರಲ್ಲಿ ಎದ್ದವರು ಇಬ್ಬರು, ಹೊಲದಲ್ಲಿ ಕಳೆ ತೆಗೆಯುವ ಅಕ್ಕ ತಂಗಿ. ಉಳಿದವರು ಒಬ್ಬರನ್ನೊಬ್ಬರು ಹಿಡಿದುಕೊಂಡು ಉರುಳಿದರು. ಹದಿನೆಂಟರ ದೊಡ್ಡ ಅಕ್ಕೋರೂ ಉರುಳಿದರು. ಆಮೇಲೆ ಅಂಕಿಯ ಸುದ್ದಿ ಯಾರೂ ಎತ್ತಲಿಲ್ಲ.

ಏಳುವುದನ್ನು ನಾಲ್ಕು ತುಂಡು ಮಾಡಿದೆ. ಕಷ್ಟದ್ದು ಕೊನೆಯ ತುಂಡು, ಆದ್ದರಿಂದ ಅದನ್ನೇ ಮೊದಲು ಹಿಡಿದೆ. ಒಂದು ಮೊಣಕಾಲು ಕೆಳಗೆ, ಒಂದು ಪಾದ ಮುಂದೆ, ಎರಡೂ ಕೈ ಗೋಡೆಗೆ. ನಿಧಾನ ಏಳು, ಅದಕ್ಕಿಂತ ನಿಧಾನ ಇಳಿ. ಒಂದೊಂದು ಕಾಲಿಗೆ ಐದೇ ಸಲ. ಇಳಿಯುವಾಗ ಮೊಣಕಾಲು ನೆಲ ಕುಟ್ಟಿದ ಸದ್ದು ಬಂದರೆ ಆ ಸಲದ್ದು ಲೆಕ್ಕಕ್ಕಿಲ್ಲ. ಇದು ರೂಢಿಯಾದ ಮೇಲೆ ಗೋಡೆಗೆ ಒಂದೇ ಕೈ, ಆಮೇಲೆ ಎರಡು ಬೆರಳು, ಆಮೇಲೆ ಕೈಯೇ ಇಲ್ಲ. ಅಷ್ಟಾದ ಮೇಲೆ ಪಕ್ಕಕ್ಕೆ ಹೊರಳುವುದು, ಕಾಲು ಮಡಚುವುದು ಸೇರಿಸಿದೆ. ಒಂದು ತುಂಡಿಗೆ ಎರಡು ವಾರ ಹಿಡಿದರೂ ಅವಸರ ಮಾಡಲಿಲ್ಲ.

ಬಾವು ಇಳಿದು ಡಾಕ್ಟರು ಹೂಂ ಅಂದ ಮೇಲೆ ಚಾಚಿ ಬಂದರು. ಅವರಿಗೆ ನೋವಿನ ಎಡ ಮೊಣಕಾಲು ಕೆಳಗೆ, ಅದರಡಿ ನಾಲ್ಕು ಮಡಿಕೆಯ ಕೌದಿ. ಗಟ್ಟಿ ಬಲಗಾಲು ಮುಂದೆ. ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ಎರಡೂ ಕೈಗೆ ಕೊಟ್ಟೆ. ಮನೆಯಲ್ಲಿ ಒಂದು ಸಲವೂ ಹೆಚ್ಚಿಗೆ ಮಾಡಬಾರದು ಎಂದು ಆಣೆ ಹಾಕಿಸಿಕೊಂಡೆ.

"ನಿಮ್ಮಾಣಿ ಬೇಟಿ, ಮಾಡಂಗಿಲ್ಲ. ಬರೇ ಎರಡ..."

"ಚಾಚೀ!"

"ಆತ ಆತ, ಒಂದೂ ಇಲ್ಲ."

ಮಗಳಿಗೆ ಎಂಟು ತಿಂಗಳು ತುಂಬುವ ಹೊತ್ತಿಗೆ ಚಾಚಿ ಹಗ್ಗ ಬಿಟ್ಟರು. ಬೀಗತಿಗೆ ತಾವೇ ಫೋನು ಮಾಡಿ ಮಾತಾಡಿದರು. ನಾನು ಪಕ್ಕದಲ್ಲೇ ಇದ್ದೆ. "ಮಗಳನ್ನ ಕಳಸ್ರಿ. ನೀವೂ ಬರ್ರಿ. ಕೂಸಿಗೆ ಮದ್ಲನೇ ನೀರು ನಾ ಹಾಕೋದು ನಿಮ್ಮ ಕಣ್ಣಿಲೆ ನೋಡ್ರಿ. ನನ್ನ ಕೈಲೆ ಆಗ್ಲಿಲ್ಲ ಅಂದ್ರ ಅವತ್ತ ತಾಯಿ ಮಗು ಇಬ್ಬರನ್ನೂ ನರಗುಂದಕ್ಕ ಕರಕೊಂಡ ಹೋಗ್ರಿ. ನಾ ಒಂದ ಮಾತ ಆಡಂಗಿಲ್ಲ." ಆ ಕಡೆಯವರು ಒಪ್ಪಿದರು.

ಉಳಿದ ದಿನಗಳಲ್ಲಿ ಇಡೀ ಕ್ಲಾಸು ಬಾಣಂತನದ ಮನೆಯಾಯಿತು. ಮಾಲಕಿ ಮೂರು ಮೂರು ಕಿಲೋ ಜೋಳ ಅಳೆದು ಕೈಚೀಲಗಳಿಗೆ ತುಂಬಿ ಬಾಯಿ ಹೊಲಿಸಿದಳು. ಚಾಚಿ ಎಲ್ಲವನ್ನೂ ಹಳೇ ಸೀರೆಯಲ್ಲಿ ಸುತ್ತಿ ಕೂಸು ಮಾಡಿದರು. ಕಾಲು ನೀಡಿ ಕೂತು, ಜೋಳದ ಕೂಸನ್ನು ಎದೆಗೊತ್ತಿಕೊಂಡು ಏಳುವುದೇ ಪಾಠ. "ತಲಿ ಹಿಡೀರಿ, ತಲಿ! ಕೂಸಿನ ಕುತ್ತಿಗಿ ಜೋಲಿ ಹೊಡಿಯಾಕತ್ತೈತಿ!" ಎಂದು ದೊಡ್ಡ ಅಕ್ಕೋರು ತಮ್ಮ ಹಳೇ ವಿದ್ಯಾರ್ಥಿನಿಯನ್ನು ಗದರಿಸಿದರು. ಆ ಗತ್ತಿಗೆ ಮಾಲಕಿ ಮೂರನೇ ಇಯತ್ತೆಯ ಹುಡುಗಿಯಂತೆ "ಹೌದ್ರಿ ಅಕ್ಕೋರ" ಅಂದಳು. ಚಾಚಿಯ ಕೂಸು ಎರಡು ಸಲ ಜಾರಿತು. ಎರಡೂ ಸಲ ನನ್ನ ಜೀವ ಬಾಯಿಗೆ ಬಂತು. ಮೂರನೇ ವಾರ ಒಮ್ಮೆಯೂ ಜಾರಲಿಲ್ಲ.

ಹೆರಿಗೆ ರೋಣದ ದವಾಖಾನೆಯಲ್ಲೇ ಆಯಿತು. ಹೆಣ್ಣು ಕೂಸು. ಹೊಕ್ಕಳ ಬಳ್ಳಿ ಬಿದ್ದ ಮೇಲೆ ಮೊದಲನೇ ನೀರು. ಚಾಚಿ ಹೇಳಿಕಳಿಸಿದ್ದರಿಂದ ನಾನೂ ಹೋದೆ. ನರಗುಂದದ ಬೀಗತಿ ಬಚ್ಚಲ ಬಾಗಿಲಿಗೆ ತಗ್ಗಿನ ಮಣೆ ಹಾಕಿಸಿಕೊಂಡು, ತೊಡೆಯ ಮೇಲೆ ಟವೆಲ್ಲು ಹರವಿಕೊಂಡು, ಪರೀಕ್ಷೆ ತೆಗೆದುಕೊಳ್ಳುವವರ ಹಾಗೆ ಕೂತಿದ್ದರು. ನಾನು ಬಚ್ಚಲ ಕಲ್ಲನ್ನು ತಿಕ್ಕಿ ಜಿಡ್ಡು ತೆಗೆದು, ಚಾಚಿ ಮೊಣಕಾಲು, ಪಾದ ಊರುವ ಜಾಗದಲ್ಲಿ ಒರಟು ಗೋಣಿತಟ್ಟು ಹಾಸಿದ್ದೆ. ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಚಾಚಿ ಕಾಲು ನೀಡಿ ಕೂತರು. ಎಣ್ಣೆ, ಹಿಟ್ಟು, ಬಿಸಿನೀರು. ಕೂಸು ಮೊದಲು ಕಿರುಚಿತು, ಆಮೇಲೆ ಬಿಸಿನೀರಿನ ಸುಖಕ್ಕೆ ಕಣ್ಣು ಮುಚ್ಚಿತು. ಮುಗಿಯಿತು. ಬೀಗತಿ ಎರಡೂ ಕೈ ಮುಂದೆ ಚಾಚಿ, "ತರ್ರಿ ಇಲ್ಲೆ," ಅಂದರು.

"ಇರ್ರಿ," ಅಂದರು ಚಾಚಿ. "ನಾಳಿ ನೀವು ಹ್ವಾದ ಮ್ಯಾಲೆ ಯಾರ ಕೈಗೆ ಕೊಡ್ಲಿ?"

ಟವೆಲ್ಲು ಮಾತ್ರ ಇಸಿದುಕೊಂಡು, ಕೂಸನ್ನು ಸುತ್ತಿ ಎದೆಗೊತ್ತಿಕೊಂಡರು. ಕಾಲು ಮಡಚಿದರು. ಪಕ್ಕಕ್ಕೆ ಹೊರಳಿದರು. ಎಡ ಮೊಣಕಾಲು ತಟ್ಟಿನ ಮೇಲೆ ಬಂತು, ಬಲಪಾದ ಮುಂದೆ ಬಂತು. ಅಲ್ಲಿ ಒಂದು ಗಳಿಗೆ ನಿಂತರು. ಗೋಡೆ ಮೊಳ ದೂರದಲ್ಲೇ ಇತ್ತು. ಅವರು ಆಕಡೆ ನೋಡಲೇ ಇಲ್ಲ, ಕೂಸಿನ ಮುಖ ನೋಡುತ್ತಿದ್ದರು. ಉಸಿರು ಬಿಟ್ಟರು, ಎದ್ದು ನಿಂತರು.

ಮಂಚದ ಮೇಲಿದ್ದ ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ, ಎರಡೂ ಮಾಡಿರಬೇಕು. ಬೀಗತಿ ಮುಂದೆ ನೀಡಿದ್ದ ಕೈಗಳನ್ನು ಕೆಳಗಿಳಿಸಿದರು. ಆಮೇಲೆ, "ಆತು ಬಿಡ್ರಿ, ನಲವತ್ತು ದಿನ ಇಲ್ಲೇ ಇರ್ಲಿ," ಅಂದು ತಾವೂ ಏಳಲು ಹೋದರು. ಮಣೆ ತಗ್ಗಿನದು. ಅರ್ಧ ಎದ್ದವರು ದೊಪ್ಪನೆ ಮತ್ತೆ ಕೂತರು. ಅಭ್ಯಾಸಬಲದಿಂದ ಕೈ ಮೇಲಕ್ಕೆತ್ತಿ ಹೇಳಿದರು:

"ಒಂದೀಟು ಕೈ ಕೊಡ್ರಿ ಬೀಗರ."

ನಾನು ಮುಂದೆ ಹೋಗುವಷ್ಟರಲ್ಲಿ ಚಾಚಿ ಕಣ್ಣಿನಲ್ಲೇ ನನ್ನನ್ನು ತಡೆದರು. ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟುತ್ತ, ಬೀಗತಿಯ ಎದುರು ಬಂದು ನಿಂತರು.

"ನನ್ನ ಕೈ ಖಾಲಿ ಇಲ್ಲರಿ," ಅಂದರು. "ಕಾಲು ಮಡಚ್ರಿ. ಹಾಂ, ಹಂಗ. ಈಗ ಪಕ್ಕಕ್ಕ ಹೊಳ್ರಿ. ಲಗೂ ಮಾಡಬ್ಯಾಡ್ರಿ, ನಾ ಇಲ್ಲೇ ನಿಂತಿರ್ತೀನಿ."